ಮೇ ಆರೋ, ಜೂನ್ ಐದೋ

ಕಾಲವನ್ನು ಅಳೆಯುವವರು ಬೇರೆ, ಅಳೆದ ಕಾಲವನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರಿಗೆ ಚೆಲ್ಲದಂತೆ ದಾಟಿಸುವವರು ಬೇರೆ. ಈ ಎರಡನೆಯ ಕಸುಬನ್ನು ಒಂದು ವಿದ್ಯೆ ಎಂದು ಒಪ್ಪಿಕೊಳ್ಳುವವರೇ ಇಲ್ಲದ ದಿನಗಳಲ್ಲಿ ಅದಕ್ಕೆ ತಮ್ಮ ಇಡೀ ಸೇವಾವಧಿಯನ್ನು ಕೊಟ್ಟು, ಈ ತಿಂಗಳ ಕೊನೆಗೆ ನಮ್ಮ ಆಸ್ಪತ್ರೆಯ ದತ್ತಾಂಶ ಪರಿವರ್ತನಾ ವಿಭಾಗದ ಮುಖ್ಯಸ್ಥ ಸ್ಥಾನದಿಂದ ನಿವೃತ್ತರಾಗುತ್ತಿರುವ ನಮ್ಮ ಹಿರಿಯರನ್ನು ವಾರ್ಡಿನ ದಾದಿಯರಿಂದ ಹಿಡಿದು ಮುಖ್ಯ ವೈದ್ಯರವರೆಗೆ ಎಲ್ಲರೂ ಕರೆಯುವುದು ‘ತಾರೀಖು ಮೇಷ್ಟ್ರು’ ಎಂದೇ. ಹೆತ್ತವರು ಇಟ್ಟ ಹೆಸರಿಗೆ ಬಂದ ಪತ್ರಗಳು ಬಟವಾಡೆಯಾಗದೆ ವಾಪಸು ಹೋದದ್ದೂ ಉಂಟು.

ಅಭಿನಂದನ ಸಮಿತಿಯವರು ನನಗೆ, “ಕಾಲಾನುಕ್ರಮದಲ್ಲಿ ಬರೆಯಿರಿ, ಗೊಂದಲ ಮಾಡಬೇಡಿ” ಎಂದು ಹೇಳಿ ಕಳಿಸಿದ್ದಾರೆ. ಅವರಿಗೇನು, ಹೇಳಿ ಕೈ ತೊಳೆದುಕೊಂಡರು. ಮೇಷ್ಟ್ರು ಕೆಲಸಕ್ಕೆ ಸೇರಿದ ದಿನ ಯಾವುದೆಂದು ಹುಡುಕಹೊರಟರೆ ಸಿಬ್ಬಂದಿ ಶಾಖೆಯ ಕಂಪ್ಯೂಟರ್ ಒಂದು ದಿನ ಹೇಳುತ್ತದೆ, ಅಲ್ಲಿಂದಲೇ ಮಾಹಿತಿ ಪಡೆದ ಇನ್ನೊಂದು ಶಾಖೆಯದು ಅದರ ಹಿಂದಿನ ದಿನ ಹೇಳುತ್ತದೆ, ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯದು ಅವರು ಇನ್ನೂ ಹುಟ್ಟಿಯೇ ಇಲ್ಲ ಎಂದು ಸಾಧಿಸುತ್ತದೆ. ಮೂರನ್ನೂ ಅವರ ಮುಂದಿಟ್ಟಾಗ ಅವರು ಕನ್ನಡಕ ಒರೆಸಿಕೊಂಡು, “ಮೂರೂ ಸರಿಯಮ್ಮ, ಅದರದರ ಲೆಕ್ಕದಲ್ಲಿ” ಎಂದರು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಆದ್ದರಿಂದ ಇಸವಿಗಳನ್ನು ಬಿಟ್ಟು, ಮೊದಲು ಆದದ್ದನ್ನು ಮೊದಲು, ಆಮೇಲೆ ಆದದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಹೆಚ್ಚಿನ ಅನುಕ್ರಮ ನನ್ನಿಂದಾಗದು.

ನಾನು ತರಬೇತಿಗೆಂದು ಆ ವಿಭಾಗಕ್ಕೆ ಕಾಲಿಟ್ಟಾಗ ಅದು ಔಷಧ ಉಗ್ರಾಣದ ಹಿಂದಿನ, ಕಿಟಕಿ ಮೇಲೆತ್ತಿದರೆ ತಾನಾಗಿ ಕೆಳಗೆ ಜಾರುವ, ಉದ್ದನೆಯ ಕೋಣೆ. ಮೊದಲ ದಿನವೇ ಮೇಷ್ಟ್ರು ನನ್ನ ಮುಂದೆ ಒಂದು ಪಟ್ಟಿ ಇಟ್ಟು ಇದರಲ್ಲಿ ತಪ್ಪೇನೆಂದು ಕೇಳಿದರು. ನನಗೆ ತಪ್ಪು ಕಾಣಲಿಲ್ಲ. ಅವರು ತೋರಿಸಿದ ಮೇಲೆ ನೋಡುತ್ತೇನೆ, ನೂರಾರು ರೋಗಿಗಳು ಒಂದೇ ದಿನ ಹುಟ್ಟಿದ್ದಾರೆ. ಜನ್ಮದಿನ ಗೊತ್ತಿಲ್ಲದವರ ಜಾಗವನ್ನು ಒಂದು ಕಂಪ್ಯೂಟರ್ ಖಾಲಿ ಬಿಟ್ಟಿತ್ತು, ಇನ್ನೊಂದು ಆ ಖಾಲಿಯನ್ನು ಸೊನ್ನೆ ಎಂದು ಓದಿಕೊಂಡಿತ್ತು, ಸೊನ್ನೆ ಎಂದರೆ ಅದರ ಎಣಿಕೆ ಶುರುವಾಗುವ ಮೊದಲ ದಿನ. ಹೀಗೆ ಅರ್ಧ ಊರೇ ಅವಳಿಜವಳಿಯಾಗಿ ಹೋಗಿತ್ತು. ಒಂದು ದಿನ ಹಿಂದೆ ಸರಿಯುವ ತಾರೀಖುಗಳ ಕಥೆಯೂ ಇಂಥದ್ದೇ. ದೂರದ ದೇಶದ ನಡುರಾತ್ರಿಯನ್ನು ತನ್ನ ನಡುರಾತ್ರಿ ಎಂದುಕೊಂಡ ಕಂಪ್ಯೂಟರಿಗೆ ನಮ್ಮ ಸೋಮವಾರದ ಮಗು ಭಾನುವಾರ ಸಂಜೆಯೇ ಹುಟ್ಟಿರುತ್ತದೆ. “ಅದು ಸುಳ್ಳು ಹೇಳಲ್ಲಮ್ಮ. ಎಲ್ಲಿಂದ ಎಣಿಸೋಕೆ ಶುರು ಮಾಡಿದೆ ಅಂತ ಕೇಳ್ಕೊ, ಅಷ್ಟೇ” ಎನ್ನುತ್ತಿದ್ದರು. ಅಷ್ಟೇ ಅಂತೆ. ಆ ‘ಅಷ್ಟೇ’ ನನಗೆ ಅರ್ಥವಾಗಲು ವರ್ಷಗಳೇ ಹಿಡಿದವು, ಈಗಲೂ ಬೆಳಿಗ್ಗೆ ಅರ್ಥವಾದದ್ದು ಸಂಜೆಗೆ ಜಾರಿಬಿಡುತ್ತದೆ.

ಮೇಷ್ಟ್ರು ಕೋಪ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ನನ್ನ ತಾಯಿ ತೀರಿಕೊಂಡಾಗ ನಾನು ಮಾಡಬೇಕಿದ್ದ ಕೆಲಸವನ್ನೆಲ್ಲ ತಾವೇ ಮಾಡಿ ಮುಗಿಸಿ, ನಾನು ಮರಳಿ ಬಂದ ದಿನ ಅದರ ಮಾತೇ ಎತ್ತದೆ, ಕಿಟಕಿ ಜಾರದಂತೆ ಕೊಟ್ಟಿದ್ದ ಮರದ ಚಕ್ಕೆ ಬದಲಾಯಿಸುವುದರಲ್ಲಿ ಮಗ್ನರಾಗಿದ್ದರು. ಇಂಥ ಉಪಕಾರಗಳನ್ನು ಬರೆಯುತ್ತ ಹೋದರೆ ಲೇಖನ ಸಲೀಸಾಗಿ ಮುಗಿಯುತ್ತಿತ್ತು. ಆದರೆ ನಮ್ಮಿಬ್ಬರ ನಡುವೆ ಒಂದು ತಾರೀಖು ಇದೆ, ಅದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಬರೀ ಬಾಯಿಮಾತಾಗುತ್ತದೆ.

ನದಿಯ ಆಚೆ ದಡದಲ್ಲಿದ್ದ ಆಸ್ಪತ್ರೆಯೊಂದು ಮುಚ್ಚಿ, ಅಲ್ಲಿನ ರೋಗಿಗಳೆಲ್ಲ ನಮ್ಮಲ್ಲಿಗೆ ಬಂದ ಕಾಲ ಅದು. ಅವರು ತಾರೀಖು ಬರೆಯುವಾಗ ತಿಂಗಳನ್ನು ಮುಂದೆ ಇಡುತ್ತಿದ್ದರು, ನಾವು ದಿನವನ್ನು ಮುಂದೆ ಇಡುತ್ತಿದ್ದೆವು. ಅದನ್ನು ತಿರುಗಿಸುವ ಪ್ರೋಗ್ರಾಮನ್ನು ಮೇಷ್ಟ್ರೇ ಬರೆದಿದ್ದರು. ತಿರುಗಿಸಿದ್ದನ್ನೇ ಮತ್ತೆ ತಿರುಗಿಸಿದರೆ ಮಾಡಿದ್ದೆಲ್ಲ ನೀರುಪಾಲು ಎಂದು ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಒಂದು ಕಂತು ತಿರುಗಿಸಿ ಮುಗಿದ ಕೂಡಲೇ ಆ ಕಂಪ್ಯೂಟರಿನ ತಲೆಯ ಮೇಲೆ ಪಿಂಗಾಣಿ ಲೋಟವೊಂದನ್ನು ಬೋರಲು ಹಾಕುವುದು. ಮುಂದಿನ ಪಾಳಿಯವರು ಲೋಟ ನೋಡಿ ಮುಟ್ಟದೆ ಬಿಡುತ್ತಿದ್ದರು. ನಗಬೇಡಿ, ಎಷ್ಟೋ ವರ್ಷ ಒಂದೂ ತಪ್ಪಾಗಲಿಲ್ಲ.

ಮೂತ್ರಪಿಂಡಕ್ಕಾಗಿ ಕಾಯುತ್ತಿದ್ದವರ ಪಟ್ಟಿ ಬಂದ ದಿನ ಅದನ್ನು ಬೆಳಗಿನ ಪಾಳಿಯವರು ತಿರುಗಿಸಿ, ಲೋಟ ಬೋರಲು ಹಾಕಿ ಹೋದರು. ಮಧ್ಯಾಹ್ನ ಸಭೆಯಿಂದ ದಣಿದು ಬಂದ ಮೇಷ್ಟ್ರು ಮಾತಾಡುತ್ತಾ ಮಾತಾಡುತ್ತಾ ಅದೇ ಲೋಟವನ್ನು ಎತ್ತಿಕೊಂಡು, ತೊಳೆದು, ಟೀ ಕುಡಿದು, ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕಂಪ್ಯೂಟರಿನ ಮೇಲೆ ಲೋಟವಿಲ್ಲದ್ದನ್ನು ಕಂಡು, “ಇದಿನ್ನೂ ಆಗಿಲ್ವಾ” ಎಂದು ತಾವೇ ಮತ್ತೆ ತಿರುಗಿಸಲು ಕೊಟ್ಟರು. ಹದಿಮೂರನೆಯ ತಿಂಗಳು, ಇಪ್ಪತ್ತನೆಯ ತಿಂಗಳು ಎಂದು ಅದು ತಕರಾರು ತೆಗೆದಾಗ ಅವರ ಕಣ್ಣು ಮೇಜಿನ ಮೇಲಿನ ಲೋಟಕ್ಕೆ ಹೋಯಿತು. ಕೂಡಲೇ ನಿಲ್ಲಿಸಿದರು. ಅಷ್ಟರಲ್ಲಿ ಕೆಲವು ತಾರೀಖುಗಳು ಎರಡು ಸಲ ತಿರುಗಿದ್ದವು, ಕೆಲವು ಒಂದೇ ಸಲ. ಯಾವುವು ಯಾವುವು ಎಂದು ಹೇಳಲು ಗುರುತಿರಲಿಲ್ಲ. ಮೂಲ ಪ್ರತಿಯನ್ನು ನೋಡೋಣವೆಂದರೆ ಆಚೆ ದಡದವರು ಮುಚ್ಚುವ ಅವಸರದಲ್ಲಿ ಅದನ್ನು ಅಳಿಸಿಹಾಕಿದ್ದರು.

ಕಾಗದದ ಕಡತಗಳನ್ನು ತೆಗೆದು, ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿ, ಒಂದು ವಾರದಲ್ಲಿ ಎಲ್ಲವನ್ನೂ ಸರಿಪಡಿಸಿದೆವು. ಒಂದು ಮಾತ್ರ ಉಳಿಯಿತು. ಅದು ಅಕ್ಕನ ಗಂಡ, ನನ್ನ ಭಾವನದು. ಸಾಗಣೆಯಲ್ಲಿ ಅವರ ಕಡತ ಕಳೆದುಹೋಗಿತ್ತು. ಪಟ್ಟಿಯಲ್ಲಿದ್ದದ್ದು ಐದು, ಆರು ಎಂಬ ಎರಡು ಅಂಕಿ; ಅವರ ರಕ್ತಶುದ್ಧಿ, ಅಂದರೆ ಡಯಾಲಿಸಿಸ್, ಶುರುವಾದದ್ದು ಮೇ ಆರರಂದೋ, ಜೂನ್ ಐದರಂದೋ ಯಾರಿಗೂ ತಿಳಿಯದು. ಪಟ್ಟಿಯಲ್ಲಿ ಸರದಿ ನಿಲ್ಲುತ್ತಿದ್ದುದು ಆ ತಾರೀಖಿನ ಮೇಲೆಯೇ. ಅವರ ರಕ್ತದ ಗುಂಪಿನವರೇ ಆದ ಇನ್ನೊಬ್ಬರಿದ್ದರು, ದರ್ಜಿ ಕೆಲಸದ ಹೆಂಗಸು, ಎರಡು ಮಕ್ಕಳ ತಾಯಿ. ಅವರದು ಮೇ ಇಪ್ಪತ್ತು, ಅದರಲ್ಲಿ ಅನುಮಾನವಿರಲಿಲ್ಲ. ಅಂದರೆ ಮೇ ಆದರೆ ಭಾವ ಮೊದಲು, ಜೂನ್ ಆದರೆ ದರ್ಜಿ ಮೊದಲು. ಅದೇ ವಾರ ಇಬ್ಬರಿಗೂ ಹೊಂದುವ ಒಂದು ಮೂತ್ರಪಿಂಡ ಸಿಗುವ ಸೂಚನೆ ಬಂತು.

ಮೇಷ್ಟ್ರು ನನ್ನ ಜೊತೆ ಅಕ್ಕನ ಮನೆಗೆ ಬಂದರು. ಎರಡನೆಯ ಮಹಡಿಯ ಆ ಚಿಕ್ಕ ಮನೆಯಲ್ಲಿ ಭಾವ ದಿಂಬಿಗೆ ಒರಗಿ ಕೂತಿದ್ದರು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಮನುಷ್ಯ, ಈಗ ಮೆಟ್ಟಿಲು ಹತ್ತಿದರೆ ಏದುಸಿರು. “ಸೂಜಿ ಚುಚ್ಚಿದ್ದು ನೆನಪಿದೆ ಸಾರ್, ತಾರೀಖು ನೆನಪಿಲ್ಲ” ಎಂದು ನಕ್ಕರು. ಮೇಷ್ಟ್ರು ಅಕ್ಕನ ಕಡೆ ತಿರುಗಿ, ಮೇ ತಿಂಗಳೋ ಜೂನೋ, ಅಷ್ಟು ಹೇಳಿದರೂ ಸಾಕು ಎಂದರು. ಅಕ್ಕ ಭಾವನ ಬೆನ್ನ ಹಿಂದಿನ ದಿಂಬನ್ನು ಸರಿಪಡಿಸಿದಳು. ಆಮೇಲೆ, “ಗೊತ್ತಿಲ್ಲ ಸಾರ್. ಆ ದಿನಗಳಲ್ಲಿ ಇವತ್ತು ಯಾವ ವಾರ ಅನ್ನೋದೇ ನನಗೆ ಗೊತ್ತಿರ್ತಿರಲಿಲ್ಲ” ಎಂದಳು. ಮೇ ಅಂತ ಒಂದು ಮಾತು ಹೇಳಬಾರದೇ ಎಂದು ನಾನು ಅವಳನ್ನೇ ದಿಟ್ಟಿಸಿದೆ.

ಮುಖ್ಯ ವೈದ್ಯರು ಕೈ ಚೆಲ್ಲಿದರು. “ತಾರೀಖು ನೀವು ಕೊಡಿ, ಸರದಿ ನಾವು ನೋಡ್ಕೋತೀವಿ” ಎಂದರು. ಮೇಷ್ಟ್ರು ತುಂಬಿದ ಸಭೆಯಲ್ಲಿ ಎದ್ದು ನಿಂತು, ಲೋಟ ಎತ್ತಿದವನು ತಾನು, ತಪ್ಪು ತನ್ನದು, ನಿಜವಾದ ತಾರೀಖು ತನಗೆ ಗೊತ್ತಿಲ್ಲ ಎಂದು ಹೇಳಿದರು. ಹೇಳಿ, ಜೂನ್ ಐದು ಎಂದು ನಮೂದಿಸಿದರು. ನಾನು ಓಣಿಯಲ್ಲಿ ಅವರನ್ನು ಅಡ್ಡಗಟ್ಟಿ ಯಾಕೆ ಎಂದು ಕೇಳಿದೆ. “ನಮ್ಮ ತಪ್ಪಿನ ಲಾಭ ನಮ್ಮವರಿಗೇ ಹೋದ್ರೆ, ಆ ಹೆಂಗಸಿಗೆ ನಾನು ಏನಂತ ಹೇಳ್ಲಿ?” ಎಂದರು. ಅಂದರೆ ನಾನು ಆ ವಿಭಾಗದಲ್ಲಿ ಇಲ್ಲದೇ ಹೋಗಿದ್ದರೆ ಅವರು ಮೇ ಎಂದು ಬರೆಯುತ್ತಿದ್ದರೇ? ಕೇಳಿದೆ. ಅದಕ್ಕೂ ಗೊತ್ತಿಲ್ಲವೆಂದೇ ಹೇಳಿದರು. ಆ ದಿನ ನಾನು ಅವರಿಗೆ ಆಡಬಾರದ್ದನ್ನೆಲ್ಲ ಆಡಿದೆ. ಅವರು ನಿಂತು ಕೇಳಿಸಿಕೊಂಡರು.

ದರ್ಜಿ ಬದುಕಿದರು, ಇಂದಿಗೂ ಚೆನ್ನಾಗಿದ್ದಾರೆ. ಭಾವನಿಗೆ ಇನ್ನೊಂದು ಸಿಗಲಿಲ್ಲ. ಅಂದಿನಿಂದ ಮೇಷ್ಟ್ರು ವಾರಕ್ಕೆ ಮೂರು ದಿನ ತಮ್ಮ ಹಳೆಯ ಕಾರಿನಲ್ಲಿ ಭಾವನನ್ನು ರಕ್ತಶುದ್ಧಿಗೆ ಕರೆತಂದು, ಪಕ್ಕದಲ್ಲಿ ಕೂತು ಇಸ್ಪೀಟು ಆಡಿ, ಮೋಸದ ಆಟವೆಂದು ಜಗಳವಾಡಿ, ಮನೆಗೆ ಬಿಟ್ಟು ಬರುತ್ತಿದ್ದರು. ಭಾವ ಅವರನ್ನು ಒಂದು ದಿನವೂ ದೂರಲಿಲ್ಲ. ನಾನೇ ಮುಖ ಊದಿಸಿಕೊಂಡು, ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದೆ. ಮುಂದಿನ ಚಳಿಗಾಲದಲ್ಲಿ ಭಾವ ಹೋಗಿಬಿಟ್ಟರು. ಕೊನೆಯ ದರ್ಶನಕ್ಕೆ ಬಂದ ಮೇಷ್ಟ್ರು ಬಾಗಿಲ ಹೊರಗೇ ನಿಂತರು. ಅಕ್ಕ ಒಳಗೆ ಬನ್ನಿ ಎನ್ನಲಿಲ್ಲ. ಆಮೇಲೂ ಎಂದೂ ಅವರೊಡನೆ ಮಾತಾಡಲಿಲ್ಲ.

ಇದನ್ನು ಅಭಿನಂದನ ಗ್ರಂಥದಲ್ಲಿ ಯಾಕೆ ಬರೆಯುತ್ತಿದ್ದೀಯ ಎಂದು ನೀವು ಕೇಳಬಹುದು. ನನ್ನನ್ನೇ ನಾನು ಕೇಳಿಕೊಂಡಿದ್ದೇನೆ. ಆ ಮನುಷ್ಯನ ಮೇಲೆ ನನಗಿರುವುದು ಕೃತಜ್ಞತೆಯೋ, ಸಿಟ್ಟೋ, ಮರುಕವೋ, ಇವತ್ತಿಗೂ ಬಿಡಿಸಿ ಹೇಳಲಾರೆ, ಒಂದನ್ನು ಹಿಡಿದರೆ ಇನ್ನೊಂದು ಜೊತೆಗೇ ಬರುತ್ತದೆ. ನನಗೆ ಬಡ್ತಿ ಸಿಗಲೆಂದು ಓಡಾಡಿದವರು ಅವರೇ. ತಮಗೆ ಬಂದ ನಿರ್ದೇಶಕ ಹುದ್ದೆಯನ್ನು ಬೇಡವೆಂದು ತಳ್ಳಿದವರೂ ಅವರೇ. ಕಾರಣ ಕೇಳಿದವರಿಗೆ, “ಒಂದು ತಾರೀಖು ಬಾಕಿ ಇದೆ, ಅದು ಇತ್ಯರ್ಥ ಆಗ್ಲಿ” ಎಂದರಂತೆ. ಪ್ರತಿ ವರ್ಷ ಮೇ ತಿಂಗಳು ಬಂದಾಗ ಅವರು ನನ್ನ ಮೇಜಿನ ಬಳಿ ಬಂದು, ಸುಮ್ಮನೆ ಏನೋ ಹುಡುಕುವವರಂತೆ ನಿಂತು, “ನಿಮ್ಮಕ್ಕನಿಗೆ ಏನಾದ್ರೂ ನೆನಪಾಯ್ತಾ?” ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ತಲೆಯಾಡಿಸಿ ಹೋಗುತ್ತಿದ್ದರು. ವಯಸ್ಸಾದಂತೆ ಕೇಳುವ ದನಿ ತಗ್ಗುತ್ತ ಬಂತು, ಕೇಳುವುದು ತಪ್ಪಲಿಲ್ಲ.

ಹೋದ ವಾರ ಈ ಲೇಖನವನ್ನು ಇಲ್ಲಿಯವರೆಗೆ ಬರೆದು, ಅಕ್ಕನ ಒಪ್ಪಿಗೆ ಇಲ್ಲದೆ ಅಚ್ಚಿಗೆ ಕೊಡಬಾರದೆಂದು ಅವಳ ಅಡುಗೆಮನೆಯಲ್ಲಿ ಕೂತು ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತ ಕೇಳಿದಳು. ಭಾವನ ಭಾಗ ಬಂದಾಗಲೂ ಕೈ ನಿಲ್ಲಿಸಲಿಲ್ಲ. ಪ್ರತಿ ಮೇ ತಿಂಗಳು ಮೇಷ್ಟ್ರು ಬಂದು ಕೇಳುವ ಸಂಗತಿಯನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಅಲ್ಲಿಗೆ ಬಂದಾಗ ಕೈ ನಿಂತಿತು.

“ಇನ್ನೂ ಕೇಳ್ತಾರಾ?” ಎಂದಳು.

“ಈ ವರ್ಷವೂ ಕೇಳಿದ್ರು.”

ಅವಳು ಮಡಚಿದ ಅಂಗಿಯನ್ನೇ ಬಿಡಿಸಿ ಮತ್ತೆ ಮಡಚಿದಳು. “ಜೂನ್ ಕಣೇ” ಎಂದಳು. “ಅವತ್ತೂ ನನಗೆ ಗೊತ್ತಿತ್ತು. ಜೂನ್ ಅಂತ ಹೇಳೋಕೆ ಬಾಯಿ ಬರಲಿಲ್ಲ, ಮೇ ಅಂತ ಹೇಳೋಕೆ ಮನಸ್ಸು ಬರಲಿಲ್ಲ. ಆಮೇಲೆ ಅವರ ಮುಖ ಹೇಗೆ ನೋಡಲಿ? ಬರಿ, ಜೂನ್ ಅಂತ ಬರಿ. ಅವರು ಓದ್ಲಿ.”

ಕೈಲಿದ್ದ ಹಾಳೆಗಳನ್ನು ಕೆಳಗಿಟ್ಟೆ. ಅಷ್ಟು ನಿಖರವಾಗಿ ಹೇಗೆ ನೆನಪಿದೆ, ಏನು ಗುರುತು ಎಂದು ಕೇಳಿದೆ. “ಬರಿ ಅಂದ್ನಲ್ಲ, ಬರಿ” ಎಂದು ಬಟ್ಟೆಯ ಕಟ್ಟು ಎತ್ತಿಕೊಂಡು ಒಳಗೆ ಹೋದಳು. ಅವಳು ನೆನಪಿದ್ದುದನ್ನು ಹೇಳಿದಳೋ, ಒಬ್ಬ ಮುದುಕನ ಎದೆಯ ಮೇಲಿನ ಕಲ್ಲನ್ನು ಇಳಿಸಲೆಂದು ಹೇಳಿದಳೋ, ನನಗೆ ತಿಳಿಯಲಿಲ್ಲ. ಎರಡು ರಾತ್ರಿ ಯೋಚಿಸಿದೆ. ಹುಟ್ಟಿದಾಗಿನಿಂದ ಕಂಡ ಸ್ವಂತ ಅಕ್ಕನ ಮುಖವನ್ನು ಓದಲು ನನಗೆ ಬರಲಿಲ್ಲ.

ಮಾನ್ಯ ಮೇಷ್ಟ್ರೇ, ಇನ್ನು ಹೆಚ್ಚು ಬರೆದರೆ ಸಮಿತಿಯವರು ಕತ್ತರಿ ಹಿಡಿಯುತ್ತಾರೆ. ನೀವು ಕಲಿಸಿದ ಕೆಲಸವನ್ನು, ನೀವು ಕೂತ ಕುರ್ಚಿಯಲ್ಲೇ ಕೂತು, ತಿಳಿದಷ್ಟು ಮಾಡಿಕೊಂಡು ಹೋಗುತ್ತೇನೆ. ತಿಳಿಯದಿದ್ದಾಗ ಫೋನ್ ಮಾಡುತ್ತೇನೆ, ಆದ್ದರಿಂದ ನಿವೃತ್ತಿಯ ಹೆಸರಿನಲ್ಲಿ ನಿಮಗೆ ಪುರುಸೊತ್ತು ಸಿಕ್ಕೀತೆಂಬ ಭ್ರಮೆ ಬೇಡ. ನಿಮಗೆ ದೀರ್ಘವಾದ ಆಯಸ್ಸು, ಕೈಗೆ ಕೆಲಸ, ಕಣ್ಣಿಗೆ ನಿದ್ದೆ ಇರಲಿ. ಬಾಕಿ ಇದ್ದ ತಾರೀಖನ್ನು ಅಕ್ಕ ಹೇಳಿದಂತೆ ಇಲ್ಲಿ ಬರೆದಿದ್ದೇನೆ: ಜೂನ್ ಐದು. ಅದನ್ನು ನಂಬುವುದೋ ಬಿಡುವುದೋ ನಾನು ಹೇಳಲಾರೆ. ಅಕ್ಕ ನಿಮ್ಮ ಸಮಾರಂಭಕ್ಕೆ ಬರುತ್ತಿದ್ದಾಳೆ. ನಿಮ್ಮ ಪಕ್ಕದ ಕುರ್ಚಿ ತನಗೆ ಇರಲಿ ಎಂದು ಹೇಳಿ ಕಳಿಸಿದ್ದಾಳೆ.