ಮೈಕ್ ಗೌಸ್ ಕದಿಯದ ಬೆರಳು

ವಾಲಿಬಾಲಿನಲ್ಲಿ ಬಾಲು ಎತ್ತಿಕೊಡುವವಳು ಆಟ ಶುರುವಾಗುವ ಮುಂಚೆ ಬೆನ್ನ ಹಿಂದೆ ಬೆರಳು ತೋರಿಸುತ್ತಾಳೆ. ಈ ಸಲ ಬಾಲು ಯಾರಿಗೆ ಹೋಗುತ್ತೆ ಅನ್ನುವುದು ತನ್ನವರಿಗೆ ಮಾತ್ರ ಗೊತ್ತಾಗಲಿ ಅಂತ. ಬೆನ್ನ ಹಿಂದೆ ತೋರಿಸಿದ ಬೆರಳು ಬೆನ್ನ ಹಿಂದೆ ನಿಂತವರಿಗೆಲ್ಲ ಕಾಣುತ್ತದೆ. ಇಷ್ಟು ತಿಳಿಯಲು ಯಾರೂ ಡಿಗ್ರಿ ಮಾಡಬೇಕಾಗಿಲ್ಲ. ಆದರೂ ಈ ವರ್ಷ ಮುಳಬಾಗಿಲಿನಲ್ಲಿ, ಇದು ಗೊತ್ತಿದ್ದವರೇ ಗುಂಪು ಕಟ್ಟಿಕೊಂಡು ಒಬ್ಬ ಮನುಷ್ಯನನ್ನು ಕಳ್ಳ ಅಂದರು.

ಆ ಮನುಷ್ಯ ಗೌಸ್ ಮೊಹಿದ್ದೀನ್. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದು ಸೌಂಡ್ ಸರ್ವೀಸ್ ಅಂಗಡಿ. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ಮಗ ಒಂದು ಅಲ್ಯೂಮಿನಿಯಂ ಹಾರ್ನನ್ನು ಸೈಕಲ್ಲಿಗೆ ಕಟ್ಟಿಕೊಂಡು ಶುರು ಮಾಡಿದವರು ಈಗ ಲಗೇಜ್ ಆಟೋ ತುಂಬ ಸ್ಪೀಕರ್ ಡಬ್ಬಗಳನ್ನು ಹೇರಿಕೊಂಡು ಹೋಗುತ್ತಾರೆ. ಮದುವೆ, ಉರುಸು, ಗಣೇಶ ಕೂರಿಸುವುದು, ಹಾಲಿನ ಸೊಸೈಟಿ ಸಭೆ, ಎಲ್ಲ ಪಕ್ಷಗಳ ಎಲೆಕ್ಷನ್ನು. ಈ ತಾಲ್ಲೂಕಿನಲ್ಲಿ ಯಾರು ಜೋರಾಗಿ ಮಾತಾಡಿದ್ದರೂ ಆ ದನಿ ಗೌಸ್ ಅವರ ವೈರಿನೊಳಗಿಂದಲೇ ಹಾದು ಬಂದಿದೆ. ಅವರ ಸ್ವಂತ ದನಿ ಮಾತ್ರ ಮೈಕಿಗೆ ಮೊದಲು ಬಂದದ್ದು ತಾಯಲೂರಿನ ಒಂದು ವಾಲಿಬಾಲ್ ಟೂರ್ನಮೆಂಟಿನಲ್ಲಿ. ಕಾಮೆಂಟ್ರಿ ಹೇಳಬೇಕಾದ ಮೇಷ್ಟ್ರು ಬರಲಿಲ್ಲ. "ಹಲೋ ಹಲೋ ಅಂತ ಹೆಂಗೂ ಅಂತೀಯಲ್ಲ, ಇನ್ನೆರಡು ಮಾತು ಸೇರಿಸಪ್ಪ" ಅಂದರು ಊರಿನವರು. ಸೇರಿಸಿದರು. ಅಂದಿನಿಂದ ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಿ ನೆಟ್ಟು ಕಟ್ಟಿದರೂ ಪಕ್ಕದಲ್ಲಿ ಮೈಕ್ ಗೌಸ್ ಇರಲೇಬೇಕು.

ಅವರ ಕಾಮೆಂಟ್ರಿ ಕೇಳಿದವರಿಗೆ ಗೊತ್ತು. ಕನ್ನಡದಲ್ಲಿ ಶುರುವಾಗುತ್ತದೆ, ಬಾಲು ಮೇಲೇರುತ್ತಿದ್ದಂತೆ ತೆಲುಗಿಗೆ ಹಾರುತ್ತದೆ, ಸ್ಮ್ಯಾಶು ಬಿದ್ದಾಗ ದಖನಿ ಉರ್ದುವಿನಲ್ಲಿ ಇಳಿಯುತ್ತದೆ. "ಬಂತು ನೋಡಿ ಬಾಲು, ಶ್ರೀವಾಣಿ ಎಗಿರಿಂದಿ, ಎಗಿರಿಂದಿ... ವಾಹ್ ರೇ ಮೇರಿ ಬೇಟೀ!" ಬಾಲು ಹೊರಗೆ ಹೋದರೆ, "ಪರವಾಗಿಲ್ಲ ಮಗಳೇ, ಬಾಲೇನು ಊರು ಬಿಟ್ಟು ಹೋಗಲ್ಲ." ಎರಡೂ ಕಡೆಯ ಹುಡುಗಿಯರೂ ಅವರಿಗೆ ಮಗಳೇ. ಹೆಂಡತಿ ಗೌಹರ್ ಅವರ ತವರು ಶ್ರೀನಿವಾಸಪುರ. ಈ ಎರಡು ಸಂಗತಿಗಳನ್ನೂ ನಮ್ಮ ಜನ ಮುಂದೆ ಸಾಕ್ಷಿ ಅಂತ ತಂದರು.

ಕಾಲೇಜು ಹುಡುಗಿಯರ ಟೂರ್ನಮೆಂಟಿನಲ್ಲಿ ಕೊನೆಗೆ ಉಳಿದದ್ದು ಮುಳಬಾಗಿಲು, ಶ್ರೀನಿವಾಸಪುರ. ಮೊದಲ ಪಂದ್ಯ ಅವರ ಊರಲ್ಲಿ, ಎರಡನೆಯದು ನಮ್ಮ ಊರಲ್ಲಿ. ಈ ಎರಡು ಊರುಗಳ ಜಿದ್ದು ಹೊಸದಲ್ಲ. ಮಾವಿನಹಣ್ಣು ಯಾರದು ಸಿಹಿ ಅನ್ನುವುದರಿಂದ ಹಿಡಿದು ಬಸ್ಸು ಯಾರ ಊರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೆ ಅನ್ನುವವರೆಗೆ ಜಗಳವಿದೆ. ನಮ್ಮ ತಂಡದಲ್ಲಿ ಬಾಲು ಎತ್ತಿಕೊಡುವವಳು ಮೇಘನ. ಅವಳ ತಾತ ವೆಂಕಟರಮಣಪ್ಪ ದನದ ಸಂತೆಯ ದಲ್ಲಾಳಿ. ಕೋಚು ಮಾಲೂರಿನ ಅಮರನಾಥ್ ಮೇಷ್ಟ್ರು.

ಒಂದು ಎರಡು ಅಂತ ನೇರ ಬೆರಳು ತೋರಿಸಿದರೆ ಯಾರಾದರೂ ಹಿಡಿಯುತ್ತಾರೆ ಅಂತ ಮೇಷ್ಟ್ರಿಗೆ ಚಿಂತೆಯಿತ್ತು. ಆಗ ಮೇಘನ ತನ್ನ ತಾತ ಹೇಳಿಕೊಟ್ಟ ಬೆರಳುಗಳನ್ನು ತೋರಿಸಿದಳು. ದನದ ಸಂತೆಯಲ್ಲಿ ದಲ್ಲಾಳಿಗಳು ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವಲ್ಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು, ಮಡಿಸಿ, ಗೆಣ್ಣು ಮುಟ್ಟಿ ಹೇಳುತ್ತಾರೆ. ದೂರದಿಂದ ಹೇಳಬೇಕಾದರೆ ಅದನ್ನೇ ಒಂದೇ ಕೈಯಲ್ಲಿ ತೋರಿಸುತ್ತಾರೆ. ಮೇಷ್ಟ್ರಿಗೆ ಖುಷಿಯೋ ಖುಷಿ. ನಾಲ್ಕು ಅಂದರೆ ಎಡಗಡೆ ಹಾರಿ ಹೊಡೆಯುವ ಶ್ರೀವಾಣಿಗೆ, ಏಳು ಅಂದರೆ ನಡುವೆ, ಒಂಬತ್ತು ಅಂದರೆ ಬಲಗಡೆ. "ಇದನ್ನ ದೇವರಾಣೆ ಯಾರೂ ಹಿಡಿಯೋಕಾಗಲ್ಲ" ಅಂದರು.

ಶ್ರೀನಿವಾಸಪುರದಲ್ಲಿ ನಮ್ಮ ಹುಡುಗಿಯರು ಒಂದು ಸೆಟ್ಟನ್ನೂ ಗೆಲ್ಲಲಿಲ್ಲ. ಮೇಘನ ಎಡಕ್ಕೆ ಎತ್ತಿದರೆ ಅವರ ನಾಲ್ಕು ಕೈ ಎಡದಲ್ಲೇ ಮೇಲೆದ್ದಿರುತ್ತಿದ್ದವು. ನಡುವೆ ಎತ್ತಿದರೆ ನಡುವೆ. ಅವರ ಕ್ಯಾಪ್ಟನ್ ರಜನಿಯಂತೂ ಬಾಲು ಬರುವ ಮುಂಚೆಯೇ ಹೋಗಿ ನಿಂತಿರುತ್ತಿದ್ದಳು. ನಮ್ಮವರು ಬಸ್ಸು ಹತ್ತುವಾಗಲೇ ತೀರ್ಮಾನವಾಗಿತ್ತು: ಯಾರೋ ಹೇಳಿಕೊಟ್ಟಿದ್ದಾರೆ.

ಮಾರನೆಯ ದಿನ ವಿಡಿಯೋ ಬಂತು. ಮಾಡಿದವನು ಟೊಮ್ಯಾಟೊ ಮಂಡಿಯಲ್ಲಿ ಕೆಲಸ ಮಾಡುವ ಸುರೇಶ, ನಮ್ಮ ತಂಡದ ಅಭಿಮಾನಿಗಳಲ್ಲೆಲ್ಲ ದೊಡ್ಡ ಗಂಟಲಿನವನು. ಕೋರ್ಟಿನ ಪಕ್ಕ ಕೂತ ಗೌಸ್ ಒಮ್ಮೆ ಎಡಗೈಯಲ್ಲಿ, ಒಮ್ಮೆ ಬಲಗೈಯಲ್ಲಿ ಮೈಕು ಹಿಡಿಯುತ್ತಾರೆ. ಆ ಕೈಯ ಸುತ್ತ ಕೆಂಪು ವೃತ್ತ, ಹಿಂದೆ ದೆವ್ವದ ಸಿನಿಮಾದ ಸಂಗೀತ. "ಮೈಕು ಎಡಗೈಗೆ ಬಂದ್ರೆ ಬಾಲು ಎಡಕ್ಕೆ. ಬಲಗೈಗೆ ಬಂದ್ರೆ ಬಲಕ್ಕೆ. ನೀವೇ ನೋಡಿ, ಶೇರ್ ಮಾಡಿ." ಇಡೀ ಪಂದ್ಯದಿಂದ ಹಾಗೆ ಹೊಂದಿದ ಮೂರೇ ಮೂರು ತುಣುಕುಗಳನ್ನು ಕತ್ತರಿಸಿ ಜೋಡಿಸಿದ್ದ. ಹೊಂದದಿದ್ದವು ಎಲ್ಲಿ ಅಂತ ಯಾರಾದರೂ ಕೇಳಿದರೆ? ಯಾರೂ ಕೇಳಲಿಲ್ಲ. ಎಲ್ಲರೂ ಶೇರ್ ಮಾಡಿದರು.

ಟೀ ಅಂಗಡಿಯಲ್ಲಿ ಮಾತು ಕುದಿಯಿತು.

"ಹೆಂಡ್ತಿ ಊರು ಯಾವ್ದು ಹೇಳು? ಸೀನಾಸಪುರ!"

"ಅವರ ಹುಡುಗೀರ್ನೂ ಮಗಳೇ ಅಂತಾನೆ ಕಣ್ಲಾ, ನಾನೇ ಕೇಳಿದೀನಿ."

"ಅವರು ಯಾವತ್ತು ನಮ್ಮೋರಾಗಿದ್ರು ಬಿಡು."

ಈ ಕೊನೆಯ 'ಅವರು' ಯಾರು? ಶ್ರೀನಿವಾಸಪುರದವರೋ, ಮೈಕಿನವರೋ, ಇನ್ನೇನೋ? ಹೇಳಿದವನು ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳದೇ ಇರುವುದರಲ್ಲೇ ಅದರ ವಿಷ ಇತ್ತು. ಮಕ್ಕಳ ಮದುವೆಗೆ, ಹೊಸ ಮನೆಯ ಪೂಜೆಗೆ ಅದೇ ಗೌಸ್ ಭಾಯ್ ಅವರನ್ನು ಕರೆದು, ಪಾಯಸ ಬಡಿಸಿ ಕಳಿಸಿದವರು ಅಲ್ಲಿ ಕೂತು ಟೀ ಹೀರುತ್ತ ತಲೆಯಾಡಿಸಿದರು.

ಗೌಸ್ ಒಮ್ಮೆ ಹೇಳಿ ನೋಡಿದರು. "ಮೈಕಿಗೆ ಅರ್ಥಿಂಗ್ ಸರಿ ಇರ್ಲಿಲ್ಲಪ್ಪ. ಜುಮ್ ಜುಮ್ ಅಂತ ಶಾಕ್ ಹೊಡೀತಿತ್ತು. ಅದಕ್ಕೇ ಕೈ ಬದಲಾಯಿಸ್ತಿದ್ದೆ." ಸುರೇಶ ಪಕಪಕ ನಕ್ಕ. "ಶಾಕ್ ಹೊಡೆದಿದ್ದು ನಮಗೆ ಕಣಣ್ಣ!" ಅಂಗಡಿಯೆಲ್ಲ ನಕ್ಕಿತು.

ನಮ್ಮೂರ ಪಂದ್ಯ ನಡೆಸುವ ಸಮಿತಿಗೆ ಕೋದಂಡರಾಮಪ್ಪ ಅಧ್ಯಕ್ಷರು. ಕೆಟ್ಟವರಲ್ಲ, ಗಲಾಟೆಗೆ ಹೆದರುವವರು. ಅಂಗಡಿಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತು ಹೇಳಿದರು: "ಗೌಸು, ಈ ಸಲ ಮಾಲೂರಿನಿಂದ ಒಬ್ರನ್ನ ಕರೆಸ್ತಿದೀವಿ. ನಿನ್ ಮೇಲೆ ನಂಗೇನೂ ಅನುಮಾನ ಇಲ್ಲ. ಜನ ಕೇಳ್ಬೇಕಲ್ಲ?"

"ಅನುಮಾನ ಇಲ್ಲ ಅಂತ ಜನಕ್ಕೆ ಹೇಳಿದ್ರಾ?" ಅಂತ ಕೇಳಿದರು ಗೌಸ್. ಕೋದಂಡರಾಮಪ್ಪ ಕೆಮ್ಮಿ ಎದ್ದು ಹೋದರು.

ಹೋಗಲಿದ್ದದ್ದು ಒಂದು ದಿನದ ಬಾಡಿಗೆಯಷ್ಟೇ ಅಲ್ಲ. ತನ್ನ ಊರಿನ ಮೈದಾನದಲ್ಲಿ, ತನ್ನ ಮನೆಗೆ ಕೇಳಿಸುವಷ್ಟು ಹತ್ತಿರದಲ್ಲಿ, ಬೇರೆಯವನ ದನಿ ಕೂಗುವಾಗ ಈ ಮನುಷ್ಯ ಬಾಗಿಲು ಹಾಕಿಕೊಂಡು ಕೂರಬೇಕಿತ್ತು. ಒಂದು ಸಲ ಕೂತರೆ ಕಳ್ಳ ಅನ್ನುವುದು ಖಾಯಂ ಆಗುತ್ತಿತ್ತು. ಗೌಹರ್ ಅವರಿಗೆ ಇದು ಗಂಡನಿಗಿಂತ ಚೆನ್ನಾಗಿ ಗೊತ್ತಿತ್ತು. "ಕಾಯ್ಕು ಚುಪ್ ಬೈಠೇ ಜೀ? ಯಾಕೆ ಸುಮ್ನೆ ಕೂತ್ರಿ? ನಮ್ಮೂರ ಹೆಸರು ಹೇಳಿ ನಿಮ್ಮನ್ನ ಬಯ್ತಾರೆ, ನೀವು ವೈರು ಸುತ್ತಿಕೊಂಡು ಕೂತಿದೀರ! ಹೋಗಿ ಜಗಳ ಆಡಿ!" ಗೌಸ್ ವೈರು ಸುತ್ತುತ್ತಲೇ ಇದ್ದರು. ಬೀದಿಗೆಲ್ಲ ಕೇಳುವಂತೆ ಮಾತಾಡಿದವರಿಗೆ ಮನೆಯಲ್ಲೂ ದನಿ ಏಳುತ್ತಿರಲಿಲ್ಲ.

ಬಿಡುಗಡೆ ಬಂದದ್ದು ಶ್ರೀನಿವಾಸಪುರದಿಂದಲೇ, ಒಂದು ಫೋನ್ ಕಾಲಿನಲ್ಲಿ. ರಜನಿಯೂ ಮೇಘನಳೂ ಜಿಲ್ಲಾ ಕ್ಯಾಂಪಿನಲ್ಲಿ ಒಂದೇ ರೂಮಿನಲ್ಲಿದ್ದ ಗೆಳತಿಯರು. ಅಭಿಮಾನಿಗಳು ಹೊಡೆದಾಡುತ್ತಿದ್ದರೆ ಇವರು ಇನ್ಸ್ಟಾಗ್ರಾಮಿನಲ್ಲಿ ಮೀಮು ಕಳಿಸಿಕೊಳ್ಳುತ್ತಿದ್ದರು. ವಿಡಿಯೋ ನೋಡಿದ ರಜನಿ ಸಿಟ್ಟಿನಲ್ಲಿ ಕರೆ ಮಾಡಿದಳು.

"ಲೇ ಮೇಘಿ, ಆ ಮೈಕ್ ತಾತನ್ನ ಯಾಕೇ ಹಿಂಗೆ ಬಯ್ತೀರಾ?"

"ನಾನೆಲ್ಲೇ ಬೈದೆ? ಜನ ಬಯ್ತಾರೆ. ಮತ್ತೆ ನಿಂಗೆಂಗೆ ಗೊತ್ತಾಗ್ತಿತ್ತು ಎಲ್ಲಾ ಬಾಲು?"

ರಜನಿ ಬಿದ್ದು ಬಿದ್ದು ನಕ್ಕಳಂತೆ. "ಅಯ್ಯೋ ಹುಚ್ಚಿ! ನಮ್ದು ಮಾವಿನ ಮಂಡಿ ಊರು ಕಣೇ. ರಾಯಲ್ಪಾಡಿಂದ ದಲ್ಲಾಳಿಗಳೆಲ್ಲ ಮ್ಯಾಚಿಗೆ ಬಂದಿದ್ರು. ನಿನ್ನ ಹಿಂದೇನೇ ಕೂತಿದ್ರು. ನೀನು ಬೆರಳು ಮಡಿಸಿದ ತಕ್ಷಣ ಅವ್ರಿಗೆ ಬಾಯಿ ಸುಮ್ನಿರಲ್ಲ. 'ನಾಲುಗು', 'ಏಡು', 'ತೊಮ್ಮಿದಿ' ಅಂತ ನಾಲ್ಕು, ಏಳು, ಒಂಬತ್ತನ್ನ ತೆಲುಗಲ್ಲಿ ಕೂಗೋರು. ಮೊದ್ಲು ನಂಗೂ ಅರ್ಥ ಆಗ್ಲಿಲ್ಲ. ನಾಲ್ಕು ಅಂದಾಗೆಲ್ಲ ಶ್ರೀವಾಣಿ ಹಾರ್ತಾಳೆ ಅಂತ ಗೊತ್ತಾದ್ಮೇಲೆ ಇನ್ನೇನಿದೆ? ನೀನು ಲೌಡ್‌ಸ್ಪೀಕರಲ್ಲಿ ಹೇಳ್ದಂಗಿತ್ತು."

ಮೇಘನ ವಿಡಿಯೋ ಮತ್ತೆ ಹಾಕಿ, ಕಿವಿಗೊಟ್ಟು ಕೇಳಿದಳು. ದೆವ್ವದ ಸಂಗೀತದ ಅಡಿಯಲ್ಲಿ ಸ್ಪಷ್ಟವಾಗಿತ್ತು: "ಏಡು! ಏಡು!" ನಮ್ಮವರೂ ಕೇಳಿದ್ದರು. ಸ್ಕೋರು ಕೂಗುತ್ತಿದ್ದಾರೆ ಅಂದುಕೊಂಡಿದ್ದರು.

ಇಲ್ಲಿ ಒಂದು ಮಾತು. ಆ ಹುಡುಗಿ ಸುಮ್ಮನಿರಬಹುದಿತ್ತು. ಹೊಸ ಬೆರಳು ಮಾಡಿಕೊಂಡು ಆಡಬಹುದಿತ್ತು. ತಪ್ಪು ತನ್ನದೂ ತನ್ನ ಮೇಷ್ಟ್ರದೂ ಅಂತ ಇಡೀ ಊರಿಗೆ ಹೇಳಿಕೊಳ್ಳುವುದು ಆ ವಯಸ್ಸಿಗೆ ಸುಲಭವಲ್ಲ. ಅವಳು ಆ ಸಂಜೆಯೇ ಸಮಿತಿಯ ಸಭೆಗೆ ಹೋದಳು. ಸಭೆ ಮೈದಾನದಲ್ಲೇ, ಗೆರೆ ಹಾಕುವ ವಿಚಾರ ನಡೆದಿತ್ತು. ಕೋದಂಡರಾಮಪ್ಪ, ಅಮರನಾಥ್ ಮೇಷ್ಟ್ರು, ಸುರೇಶ, ಇನ್ನಷ್ಟು ಜನ ನಿಂತಿದ್ದರು. ಗೌಸ್ ಅವರನ್ನು ಅವಳೇ ಅಂಗಡಿಯಿಂದ ಕರೆತಂದಿದ್ದಳು. ಯಾಕೆ ಅಂತ ಅವರಿಗೂ ಹೇಳಿರಲಿಲ್ಲ.

"ಸುರೇಶಣ್ಣ, ಒಂದ್ನಿಮಿಷ ನನ್ ಹಿಂದೆ ನಿಂತ್ಕೊ" ಅಂದಳು ಮೇಘನ.

"ಯಾಕಮ್ಮ?"

"ನಿಂತ್ಕೋ ಅಣ್ಣ. ಏನು ಕಾಣುತ್ತೆ ಹೇಳು ಸಾಕು."

ಕೈಯನ್ನು ಬೆನ್ನ ಹಿಂದೆ ಇಟ್ಟು ಕಿರುಬೆರಳು ಮಡಿಸಿದಳು. ಹೆಬ್ಬೆರಳಿನಿಂದ ನಡುಬೆರಳ ಗೆಣ್ಣು ಮುಟ್ಟಿದಳು.

"ಏಳು" ಅಂದ ಸುರೇಶ. ಟೊಮ್ಯಾಟೊ ಮಂಡಿಯಲ್ಲಿ ದಿನ ಬೆಳಗಾದರೆ ನೋಡುವ ಬೆರಳು. ಯೋಚಿಸಲೂ ಇಲ್ಲ.

ಬೆರಳು ಬದಲಾಯಿಸಿದಳು.

"ಒಂಬತ್... ಏ!"

ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದ. ಪಕ್ಕದಲ್ಲಿದ್ದ ಕುರಿ ವ್ಯಾಪಾರಿಯೊಬ್ಬರು ಮಾತ್ರ ಇನ್ನೂ ಉತ್ಸಾಹದಲ್ಲಿದ್ದರು. "ಒಂಬತ್ತೇ, ಒಂಬತ್ತೇ! ಯಾರು ಮಾರ್ತಾವ್ರೆ?" "ಅಲ್ಲೂ ನನ್ ಹಿಂದೆ ಕೂತಿದ್ದ ದಲ್ಲಾಳಿಗಳು ಹಿಂಗೇ ಕೂಗಿದ್ದು" ಅಂದಳು ಮೇಘನ. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ಮೈದಾನಕ್ಕೆ ಮೈದಾನವೇ ನಕ್ಕಿತು. ಅಮರನಾಥ್ ಮೇಷ್ಟ್ರು ಹಣೆ ಚಚ್ಚಿಕೊಂಡು, "ನಾಲ್ಕು ತಾಲ್ಲೂಕಿನ ಸಂತೆಗೆ ಗೊತ್ತಿರೋದನ್ನ ನಾನು ಗುಟ್ಟು ಅಂದ್ಕೊಂಡ್ನಲ್ಲಪ್ಪಾ" ಅಂದರು.

ನಗದೆ ನಿಂತವರು ಗೌಸ್. ಅವರ ಭುಜ ಇಳಿಯಿತು. ಹೊತ್ತುಕೊಂಡದ್ದನ್ನು ಕೆಳಗಿಟ್ಟವರ ಭುಜದ ಹಾಗೆ. ಮೇಘನ ಅವರ ಮುಂದೆ ಬಂದು, "ತಾತ, ನಿಮ್ಮನ್ನ ಇಷ್ಟು ದಿನ ಬೈಸ್ಬಿಟ್ಟೆ" ಅಂದಳು. "ನೀನೇನ್ ಮಾಡ್ದೆ ಮಗಳೇ" ಅಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ತುಂಬ ಹೊತ್ತು.

ಕೋದಂಡರಾಮಪ್ಪ ಅಲ್ಲೇ ಮಾಲೂರಿಗೆ ಫೋನು ಮಾಡಿ ಬೇಡ ಅಂದರು. ಸುರೇಶ ನೆಲ ನೋಡುತ್ತ, "ಭಾಯ್, ಮನಸ್ಸಲ್ಲಿ ಇಟ್ಕೋಬೇಡಿ" ಅಂದ. ಗೌಸ್ ಅಂಗಡಿಯಿಂದ ಹಾಗೇ ಹಿಡಿದು ಬಂದಿದ್ದ ವೈರಿನ ಸುರುಳಿಯನ್ನು ಅವನ ಕೈಗೆ ಕೊಟ್ಟರು. "ಎತ್ಕೊ. ಆ ಕಂಬದವರೆಗೂ ಎಳಿ. ಅರ್ಥಿಂಗ್ ಹೆಂಗೆ ಕೊಡೋದು ತೋರಿಸ್ತೀನಿ." ಆ ಕ್ಷಮೆ ಅಷ್ಟು ಅಗ್ಗಕ್ಕೆ ಸಿಗಬಾರದಿತ್ತು ಅಂತ ಗೌಹರ್ ಇವತ್ತಿಗೂ ಹೇಳುತ್ತಾರೆ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಕೊಟ್ಟವರು ಕೊಟ್ಟಾಯಿತು.

ಪಂದ್ಯದ ದಿನ ಮುಳಬಾಗಿಲಿನ ಮೈದಾನದಲ್ಲಿ ಅದೇ ದನಿ ಎದ್ದಿತು, ಅದೇ ಮೂರು ಭಾಷೆಗಳಲ್ಲಿ. ಮೇಘನ ಬೆರಳು ಬಿಟ್ಟು ಸಂಜ್ಞೆಗಳನ್ನು ಪಾದಕ್ಕೆ ಇಳಿಸಿದ್ದಳು. ಯಾವ ಮಂಡಿಯವರಿಗೂ ತಿಳಿಯಲಿಲ್ಲ. ಒಂದು ಸೆಟ್ಟು ಗೆದ್ದೆವು, ಕೊನೆಯ ಸೆಟ್ಟು ಕೈಯಲ್ಲಿತ್ತು, ಜಾರಿತು. ಮತ್ತೆ ಸೋತೆವು. ಈ ಸಲ ಸೋತದ್ದಕ್ಕೆ ಕಾರಣ ರಜನಿ ನಮ್ಮವರಿಗಿಂತ ಎತ್ತರ ಹಾರಿದ್ದು, ಅಷ್ಟೇ. ಬಹುಶಃ ಹೋದ ಸಲವೂ ಅರ್ಧ ಕಾರಣ ಅದೇ ಇರಬೇಕು. ಕೊನೆಯ ಬಾಲು ಬಿದ್ದಾಗ ಗೌಸ್ "ಶಾಬಾಶ್ ಮಗಳೇ ರಜನಿ!" ಅಂದರು. ನಮ್ಮ ಜನ ಬೇಸರದಲ್ಲಿದ್ದರು, ಬೈದುಕೊಳ್ಳುತ್ತಲೂ ಇದ್ದರು. ಆದರೆ ಒಬ್ಬರೂ ತಿರುಗಿ ಮೈಕಿನ ಕಡೆ ನೋಡಲಿಲ್ಲ. ಸೋತ ಮೈದಾನದಿಂದ ಅಷ್ಟು ಹಗುರಾಗಿ ಮನೆಗೆ ನಡೆದದ್ದು ನನಗೆ ನೆನಪಿಲ್ಲ.

ಸುರೇಶ ತನ್ನ ಫೋನಿನಿಂದ ವಿಡಿಯೋ ತೆಗೆದಿದ್ದಾನೆ. ಆದರೆ ಅದು ಕೋಲಾರದ ಗುಂಪುಗಳಲ್ಲಿ, ಮಾಲೂರಿನ ಗುಂಪುಗಳಲ್ಲಿ ಇನ್ನೂ ಸುತ್ತುತ್ತಿದೆ. ಮೊನ್ನೆ ಬಂಗಾರಪೇಟೆಯ ಮದುವೆಯೊಂದರಲ್ಲಿ ಗೌಸ್ ವೈರು ಎಳೆಯುತ್ತಿದ್ದಾಗ ಯಾರೋ, "ಅದೇ ಮೈಕ್ ಕಳ್ಳ ಅಲ್ವಾ?" ಅಂದರಂತೆ. ಅಂದವರು ಗೌಸ್ ಅವರನ್ನು ಅದಕ್ಕೂ ಮುಂಚೆ ನೋಡಿದವರೇ ಅಲ್ಲ. ಅವರಿಗೆ ಹೇಳಿದ್ದು ನಿಮ್ಮ ಫಾರ್ವರ್ಡು.

ನಿಜ ನೀವು ಈಗ ಓದಿದಿರಿ. ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಅಳಿಸಿದರೆ ಸಾಲದು. ಯಾವ ಯಾವ ಗುಂಪಿಗೆ ಅದನ್ನು ಕಳಿಸಿದ್ದಿರೋ ಆ ಆ ಗುಂಪಿನಲ್ಲಿ, ನಗುವಿನ ಗೊಂಬೆ ಹಾಕದೆ, "ಗೌಸ್ ಮೊಹಿದ್ದೀನ್ ಏನನ್ನೂ ಕದ್ದಿಲ್ಲ, ನಾನು ಕಳಿಸಿದ್ದು ಸುಳ್ಳು" ಅಂತ ಬರೆಯಿರಿ. ಈ ಪೇಪರು ಮಡಿಸುವ ಮುಂಚೆ ಬರೆಯಿರಿ.