ಮೂರನೇ ಅಧ್ಯಾಯದಲ್ಲಿ ಮುಗಿದುಹೋದ ಕಾದಂಬರಿ

ರಾಣಿಯ ಪದವಿಯಿಂದ ನಾನು ಕೆಳಗಿಳಿದದ್ದು ಸುಳ್ಯದ ಒಂದು ಗದ್ದೆಯಲ್ಲಿ, ಅರುವತ್ತರ ದಶಕ ಆಗತಾನೇ ಕಣ್ಣು ಬಿಡುತ್ತಿದ್ದಾಗ. ಮೀಸೆ ಮೂಡುವ ಮೊದಲೇ ಯಕ್ಷಗಾನ ಮೇಳ ಸೇರಿ ಸ್ತ್ರೀವೇಷ ಹಾಕಿಕೊಂಡು ಬಂದವನು ನಾನು. ಆ ದಿನ ಮೇಳದ ಯಜಮಾನರು ನಾವು ವೇಷ ಕಟ್ಟಿಕೊಳ್ಳುವ ಬಣ್ಣದ ಚೌಕಿಗೆ ಬಂದು, ಸೀರೆ ಸುತ್ತಿಕೊಳ್ಳುತ್ತಿದ್ದ ನನ್ನ ಸೊಂಟಕ್ಕೆ ಕಣ್ಣಲ್ಲೇ ಒಂದು ಪ್ರದಕ್ಷಿಣೆ ಹಾಕಿ, "ಮಾರಾಯ್ರೆ, ಇನ್ನು ಸ್ವಯಂವರಕ್ಕೆ ನೀವು ಬೇಡ. ಅರಸುಗಳಿಗೆ ಹೆದರಿಕೆ ಆಗ್ತದೆ" ಎಂದರು. ಒಂದು ಸಾಮ್ರಾಜ್ಯ ಇಷ್ಟು ಕಡಿಮೆ ಮಾತಿನಲ್ಲಿ ಬಿದ್ದದ್ದು ಚರಿತ್ರೆಯಲ್ಲಿ ಇನ್ನೊಂದಿರಲಾರದು.

ಕುಂಬ್ರದ ಮನೆಗೆ ಬಂದು ಕೂತೆ. ನನ್ನ ಮಾತುಗಾರಿಕೆಯನ್ನು ಮೆಚ್ಚಿದ್ದ ಪುತ್ತೂರಿನ ಪ್ರಕಾಶಕರೊಬ್ಬರು, ಹೈಸ್ಕೂಲು ಮಕ್ಕಳು ಓದುವಂಥ ಕಾದಂಬರಿಯೊಂದನ್ನು ಶಾಲೆ ಶುರುವಾಗುವ ಮೊದಲು ಬರೆದುಕೊಡಿ ಎಂದರು. ಅದು ಮುಗಿದರೆ ನಾನು ಸಾಹಿತಿ. ಮುಗಿಯದಿದ್ದರೆ ಬಾವನ ಅಡಿಕೆ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುವ ಮಾಜಿ ರಾಣಿ.

ಕಥೆ ಸಿದ್ಧವಿತ್ತು. ಕಡಬದ ಹುಡುಗಿಯೊಬ್ಬಳಿಗೆ ಹೈಸ್ಕೂಲಿನ ಆಸೆ. ಅಪ್ಪ ಬಿಡುವುದಿಲ್ಲ. ಮೂರನೇ ಅಧ್ಯಾಯದಲ್ಲಿ ಅವಳು ಮನೆ ಬಿಟ್ಟು ಓಡುತ್ತಾಳೆ. ಮುಂದೆ ಕಾಡು, ಕಳ್ಳರು, ಗುಹೆ. ಕಳ್ಳರನ್ನಂತೂ ಗಡ್ಡ ಸಮೇತ ತಯಾರು ಮಾಡಿ ಇಟ್ಟಿದ್ದೆ.

ತೊಡಕು ಬಂದದ್ದು ಅಪ್ಪ-ಮಗಳ ಜಗಳದಲ್ಲಿ. ಯಕ್ಷಗಾನದಲ್ಲಿ ಹಾಡು ಮಾತ್ರ ಬರೆದಿರುತ್ತದೆ. ಮಾತನ್ನು ಎದುರಾಳಿಯ ಮುಖ ನೋಡಿ ಅಲ್ಲೇ ಹುಟ್ಟಿಸಬೇಕು. ಕಾಗದಕ್ಕೆ ಮುಖವೇ ಇಲ್ಲ. ತೊಂಡೆಕಾಯಿ ಹೆಚ್ಚುತ್ತಿದ್ದ ಹೆಂಡತಿಯನ್ನು ಕರೆದೆ.

"ನೀನು ಮಗಳು, ನಾನು ಅಪ್ಪ. ಸ್ವಲ್ಪ ವಾದ ಮಾಡು, ಮತ್ತೆ ಸೋಲು."

"ಸೋಲುದು ಎಂತಕ್ಕೆ?"

"ಕಥೆ ಹಾಗೆ ಉಂಟು." ಗಂಟಲು ದಪ್ಪ ಮಾಡಿಕೊಂಡು ಶುರು ಮಾಡಿದೆ: "ಹುಡುಗಿಯರಿಗೆ ಓದು ಎಂತಕ್ಕೆ ಮಗಳೇ?"

"ಅಣ್ಣನಿಗೆ ಎಂತಕ್ಕೆ? ಒಂದೇ ಕ್ಲಾಸಿನಲ್ಲಿ ಪುನಃ ಪುನಃ ಕೂತುಕೊಳ್ಲಿಕ್ಕಾ?"

"ಶಾಲೆ ದೂರ ಉಂಟು."

"ಹೊಳೆಯಿಂದ ಆಚೆ. ಹುಲ್ಲು ತರ್ಲಿಕ್ಕೆ ದಿನಾ ನನ್ನನ್ನು ಅದೇ ದೋಣಿಯಲ್ಲಿ ಕಳಿಸುದಲ್ವಾ ಅಪ್ಪಾ? ಹುಲ್ಲಿನ ಕಟ್ಟ ಇಟ್ಟರೆ ಮುಳುಗದ ದೋಣಿ ಪುಸ್ತಕ ಇಟ್ಟರೆ ಮುಳುಗ್ತದಾ?"

ನನ್ನ ಕಥೆಯಲ್ಲಿ ದೋಣಿ ಇರಲಿಲ್ಲ, ಹುಲ್ಲೂ ಇರಲಿಲ್ಲ. ಅವೆರಡೂ ಇದ್ದದ್ದು ಅವಳ ತವರಿನಲ್ಲಿ. ಐದನೇ ಕ್ಲಾಸಿಗೆ ಅವಳ ಶಾಲೆ ನಿಂತದ್ದು ನನಗೆ ಗೊತ್ತಿತ್ತು. ಹೇಗೆ ನಿಂತಿತು ಎಂದು ನಾನು ಕೇಳಿರಲಿಲ್ಲ.

ಜೀವಮಾನವಿಡೀ ರಾಣಿಯರ ಪರವಾಗಿ ವಾದಿಸಿ ಅರಸರ ಬಾಯಿ ಮುಚ್ಚಿಸಿದವನಿಗೆ ಅಪ್ಪಂದಿರ ಕಡೆಯ ಮಾತು ಅಭ್ಯಾಸವಿರಲಿಲ್ಲ. ರಂಗಸ್ಥಳದಲ್ಲಾದರೆ ವಾದ ಹದ್ದು ಮೀರುವಾಗ ಭಾಗವತರು ಮುಂದಿನ ಹಾಡು ಎತ್ತಿ ಕಾಪಾಡುತ್ತಾರೆ. ಕಾದಂಬರಿಗೆ ಭಾಗವತರಿಲ್ಲ. "ಹೋಗು ಮಗಳೇ, ಓದು" ಎಂದು ಶರಣಾದೆ.

ಅಲ್ಲಿಗೆ ಕಾದಂಬರಿ ಮುಗಿಯಿತು. ಅಪ್ಪನೇ ಒಪ್ಪಿದ ಮೇಲೆ ಓಡಿಹೋಗುವುದು ಯಾರು? ಕಾಡಿನಲ್ಲಿ ಕಳ್ಳರು ನಿರುದ್ಯೋಗಿಗಳಾದರು.

"ಒಮ್ಮೆ ಸೋತುಬಿಡು ಮಾರಾಯ್ತಿ" ಎಂದು ಅಂಗಲಾಚಿದೆ.

"ಒಮ್ಮೆ ಸೋತಾಗಿದೆ" ಎಂದಳು. "ಇನ್ನು ಇಲ್ಲ. ಅವಳನ್ನು ಶಾಲೆಗೆ ಕಳಿಸಿ."

"ಕಳಿಸಿದರೆ ಅಲ್ಲಿ ಎಂತ ಆಗ್ತದೆ? ಹೈಸ್ಕೂಲಿನ ಒಳಗೆ ನಾನು ಕಾಲಿಟ್ಟವನಲ್ಲ."

"ನಾನು ಇಟ್ಟಿದ್ದೇನಾ? ಹೋಗಿ ನೋಡಿ. ಬಂದು ನನಗೂ ಹೇಳಿ."

ಪುತ್ತೂರಿನ ಹೈಸ್ಕೂಲೊಂದರ ಹೆಡ್‌ಮಾಸ್ಟರನ್ನು ಒಪ್ಪಿಸಿ, ವರ್ಷದ ಕೊನೆಯ ಪಾಠಗಳಿಗೆ ಹಿಂದಿನ ಬೆಂಚಿನಲ್ಲಿ ಕೂತೆ. ಬೀಜಗಣಿತ ನನ್ನನ್ನು ಕಂಡು ನಕ್ಕಿತು. ಹುಡುಗಿಯರು ಅದಕ್ಕಿಂತ ಜೋರಾಗಿ ನಕ್ಕರು. ಸಂಜೆ ಹೆಂಡತಿಗೆ ವರದಿ. ಅವಳು ಕೇಳಿದ್ದಕ್ಕೆ ಉತ್ತರ ಸಿಗದಿದ್ದರೆ ಮರುದಿನ ಪುನಃ ಬಸ್ಸು. ಅಧ್ಯಾಯಗಳು ಹುಟ್ಟಿದ್ದು ಹಾಗೆ.

ಹಸ್ತಪ್ರತಿ ಓದಿದ ಪ್ರಕಾಶಕರು ಕನ್ನಡಕ ತೆಗೆದರು. "ಓಡಿಹೋಗುದು ಎಲ್ಲಿ? ಕಳ್ಳರು ಎಲ್ಲಿ?"

"ಅಪ್ಪ ಒಪ್ಪಿಬಿಟ್ಟ."

"ಎಂತಕ್ಕೆ ಒಪ್ಪಿದ್ದು? ಒಪ್ಪಬಾರದಿತ್ತು."

"ಒಮ್ಮೆ ಮನೆಗೆ ಬನ್ನಿ" ಎಂದೆ. "ನೀವೇ ಅಪ್ಪ ಆಗಿ ನೋಡಿ."

ಅವರು ಬರಲಿಲ್ಲ. ಪುಸ್ತಕ ಅಚ್ಚಿಗೆ ಹೋಯಿತು.