ಹದಿಮೂರನೆಯ ಹೆಸರು

ಕೊಳ್ಳೇಗಾಲದ ನಮ್ಮ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಮೇಷ್ಟ್ರು, ನಾನು ಕನ್ನಡ ಮೇಷ್ಟ್ರು. ಬೆಳಗ್ಗೆ ಹನೂರಿನಿಂದ ಬರುವಾಗ ಬಸ್ಸಿನಲ್ಲೇ, ಮೊಬೈಲಿನಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಪಂದ್ಯ ನೋಡುತ್ತಿದ್ದರು. ಸೋಮವಾರ ಸ್ಟಾಫ್ ರೂಮಿನ ಬೋರ್ಡಿನ ಮೇಲೆ, ಈಗ ಆಡುತ್ತಿರುವವರಲ್ಲಿ ಶ್ರೇಷ್ಠರಾದ ಹತ್ತು ಮಂದಿಯ ಹೆಸರನ್ನು ಕ್ರಮವಾಗಿ ಬರೆಯುತ್ತಿದ್ದರು. ಕೆಳಗಿಳಿದವನ ಹೆಸರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸುತ್ತಿದ್ದರು. ಅಷ್ಟೊಂದು ಪಾಯಿಂಟ್ ಗಳಿಸುವವನು ನಾಲ್ಕನೆಯವನೇಕೆ ಎಂದು ನಾನು ಕೇಳಿದರೆ, “ಬಾಲ್ ತಪ್ಪುದ್ಮೇಲೆ ಅವ್ನು ಎದುರಾಳೀನ ತಡಿಯಕ್ಕೆ ವಾಪಸ್ ಓಡಲ್ಲ ಸಾ. ಪಟ್ಟೀಲಿ ಸುಳ್ ಬರೀಬಾರ್ದು,” ಎನ್ನುತ್ತಿದ್ದರು.

ಒಂದು ವರ್ಷ ತಾಲ್ಲೂಕು ಬಾಸ್ಕೆಟ್‌ಬಾಲ್ ತಂಡಕ್ಕೆ ಹನ್ನೆರಡು ಹುಡುಗಿಯರನ್ನು ಆರಿಸುವ ಕೆಲಸ ಅವರಿಗೇ ಬಂತು. ನಮ್ಮಲ್ಲೇ ಹತ್ತನೇ ತರಗತಿಯಲ್ಲಿದ್ದ ಅವರ ಮಗಳ ಹೆಸರು ಪಟ್ಟಿಯಲ್ಲಿ ಹದಿಮೂರನೆಯದಾಗಿತ್ತು, ತಂಡದ ಹೊರಗೆ. ಅವಳು ಅದನ್ನು ಎಲ್ಲರ ನಡುವೆ ನಿಂತು ನೋಟಿಸ್ ಬೋರ್ಡಿನಲ್ಲಿ ಓದಿದಳು.

“ಮನೇಲೇ ಒಂದ್ ಮಾತು ಯೋಳ್ಬೋದಿತ್ತಲ್ಲಪ್ಪ,” ಎಂದಳು.

“ಪಟ್ಟೀಲಿ ಸುಳ್ ಬರೀಬಾರ್ದು ಕಣವ್ವ.”

ಮರುದಿನದಿಂದ ಅವಳು ಆಟಕ್ಕೆ ಇಳಿಯಲಿಲ್ಲ. ಬಸ್ಸಿನಲ್ಲಿ ಅಪ್ಪನ ಪಕ್ಕ ಕೂರುವುದನ್ನೂ ಬಿಟ್ಟಳು.

ಅವರು ನಿವೃತ್ತರಾದ ದಿನ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಮಗಳು ಯಳಂದೂರಿನಲ್ಲಿ ನರ್ಸ್ ಆಗಿದ್ದಳು, ಸಮಾರಂಭಕ್ಕೆ ಬಂದಿರಲಿಲ್ಲ. ಹಾರ ತುಂಬಿದ ಕೈಚೀಲವನ್ನು ಕಾಲ ಬಳಿ ಇಟ್ಟುಕೊಂಡು, ನಾನು ಕೇಳದೆಯೇ ಹೇಳಿದರು: “ಅನ್ನೆರಡನೇ ಉಡ್ಗೀಗಿಂತ ಇವ್ಳೇ ಚೆಂದಾಗ್ ಆಡ್ತಿದ್ಲು ಸಾ. ಮಗಳ್ನ ತಕಂಡ ಅಂತ ಜನ ಆಡ್ಕತಾರೆ ಅಂದ್ಬುಟ್ಟು ಕೆಳಕ್ ಆಕ್ದೆ.”

“ಅವಳಿಗೆ ಇದನ್ನ ಹೇಳಿದ್ರಾ?”

“ಏಳು ವರ್ಷದಿಂದ ನಾಳೆ ಯೋಳ್ತೀನಿ ಅಂತಾನೇ ಇವ್ನಿ ಸಾ,” ಎಂದು ಹನೂರಿನ ಬಸ್ಸು ಹತ್ತಿದರು.